ವಾಪಸ್ ಬರುವ ದಿನ: ಶಹಾಪುರ ತಾಲ್ಲೂಕಿನ ಎಂಟನೇ ತರಗತಿ ಹುಡುಗನೊಬ್ಬನ ಪ್ರಕರಣ

ಹುಡುಗನಿಗೆ ಆಗ ಹದಿಮೂರು ವರ್ಷ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ತರಗತಿ. ಅವನ ಊರು ಶಾಲೆಯಿಂದ ಸುಮಾರು ಮೂರು ಕಿಲೋಮೀಟರ್. ಕಾಲುವೆ ದಂಡೆ ಹಿಡಿದು ನಡೆದು ಬರಬೇಕು. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಮನೆ ಬಿಡುತ್ತಿದ್ದ. ಸಂಜೆ ಸರಿಯಾದ ಹೊತ್ತಿಗೆ ಮನೆ ಸೇರುತ್ತಿದ್ದ. ಆದರೆ ಎಷ್ಟೋ ದಿನ ಶಾಲೆಗೆ ಮಾತ್ರ ಬರುತ್ತಿರಲಿಲ್ಲ. ಅವನ ತಾಯಿಗೆ ಇದು ಗೊತ್ತೇ ಇರಲಿಲ್ಲ.

ನಾನು ಅವನ ಕ್ಲಾಸ್ ಟೀಚರ್, ಗಣಿತ ಕಲಿಸುತ್ತೇನೆ. ಹುಡುಗನ ಹೆಸರು, ಊರಿನ ಹೆಸರು, ಶಾಲೆಯ ಹೆಸರು ಬರೆಯುತ್ತಿಲ್ಲ. ಅವನ ತಾಯಿಗೂ, ಈ ಪ್ರಕರಣದಲ್ಲಿ ಮುಖ್ಯ ಕೆಲಸ ಮಾಡಿದ ಅಡುಗೆ ಅಕ್ಕನಿಗೂ ಹೇಳಿಯೇ ಬರೆದಿದ್ದೇನೆ. ಬರೆಯುವ ಕಾರಣ ಇಷ್ಟೇ. ಶಾಲೆ ತಪ್ಪಿಸುವ ಮಕ್ಕಳ ಬಗ್ಗೆ ನಮ್ಮ ಸಭೆಗಳಲ್ಲಿ ಮಾತು ಶುರುವಾದ ಕೂಡಲೇ ಎರಡು ಉತ್ತರ ಬರುತ್ತವೆ. ಒಂದು, ಬಡತನ. ಇನ್ನೊಂದು, ಹುಡುಗರಿಗೆ ಓದಿನಲ್ಲಿ ಆಸಕ್ತಿ ಇಲ್ಲ. ಈ ಹುಡುಗನ ಮನೆಯಲ್ಲಿ ಬಡತನ ಇತ್ತು, ನಿಜ. ಆದರೆ ಬಡತನ ಅವನನ್ನು ಶಾಲೆಯಿಂದ ದೂರ ಇಟ್ಟದ್ದು ಕೆಲವು ವಾರ ಮಾತ್ರ. ಅದರ ನಂತರದ ಗೈರುಹಾಜರಿಗೆ ಕಾರಣ ಬೇರೆ ಇತ್ತು. ಅದು ನಮ್ಮ ಶಾಲೆಯ ಒಳಗೇ ಇತ್ತು.

ನವೆಂಬರ್ ಅಂದ್ರೆ ಹತ್ತಿ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರ, ಹುಣಸಗಿ ಕಡೆ ಭತ್ತ ಬಂತು. ಹತ್ತಿ, ಮೆಣಸಿನಕಾಯಿ, ತೊಗರಿಯೂ ಇವೆ. ಭತ್ತ ಕೊಯ್ಯಲು ಮಷಿನ್ ಬಂದಿದೆ. ಹತ್ತಿ ಬಿಡಿಸಲು ಮಾತ್ರ ಇನ್ನೂ ಕೈಯೇ ಬೇಕು. ದಸರಾ ರಜೆ ಮುಗಿದು ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಹೊಲದಲ್ಲಿ ಹತ್ತಿ ಒಡೆಯುತ್ತದೆ. ಆಗ ಬೆಳಿಗ್ಗೆ ಕೂಲಿಯವರನ್ನು ತುಂಬಿಕೊಳ್ಳಲು ಊರೂರಿಗೆ ಟಂಟಂ, ಅಂದ್ರೆ ಮೂರು ಗಾಲಿಯ ಗಾಡಿ, ಬರುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ. ಕಿಲೋ ಲೆಕ್ಕ ಅಂದ ಮೇಲೆ ಮನೆಯಿಂದ ಎಷ್ಟು ಕೈ ಹೋದರೂ ಅಷ್ಟು ಲಾಭ, ಅಲ್ವಾ? ಹಾಗಾಗಿ ತಾಯಂದಿರ ಜೊತೆ ಮಕ್ಕಳೂ ಟಂಟಂ ಹತ್ತುತ್ತಾರೆ.

ಕಡ್ಡಾಯ ಶಿಕ್ಷಣ ಕಾಯ್ದೆ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ ಇರಬೇಕು. ಅದರಲ್ಲಿ ಹತ್ತನೇ ಒಂದು ಭಾಗ, ಅಂದ್ರೆ 22 ದಿನ ತಪ್ಪಿಸಿದ ಮಗುವಿನ ಕಲಿಕೆ ಅಪಾಯದಲ್ಲಿದೆ ಅಂತ ಅಮೆರಿಕದಲ್ಲಿ ಈ ವಿಷಯ ಅಧ್ಯಯನ ಮಾಡುವವರು ಲೆಕ್ಕ ಹಿಡಿಯುತ್ತಾರೆ. ನಮ್ಮಲ್ಲಿ ಹತ್ತಿಯ ಒಂದು ಸುಗ್ಗಿಯೇ ಆ 22 ದಿನ ತಿನ್ನುತ್ತದೆ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕೊನೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಜಿಲ್ಲೆಗೆ ಕೊನೆಯ ಸ್ಥಾನ, ಶೇ 50.59. ಮರುವರ್ಷ ಆ ಸ್ಥಾನ ಪಕ್ಕದ ಕಲಬುರಗಿಗೆ ಹೋಯಿತು, ಶೇ 42.43. ಪ್ರತಿ ಸಲ ಫಲಿತಾಂಶ ಬಂದ ವಾರ ದೊಡ್ಡ ಚರ್ಚೆ ಆಗುತ್ತದೆ. ವಿಶೇಷ ತರಗತಿ, ರಾತ್ರಿ ಓದು, ಪ್ರಶ್ನೆಪತ್ರಿಕೆ ಬಿಡಿಸೋದು ಎಲ್ಲ ಹತ್ತನೇ ತರಗತಿಗೆ. ಆದರೆ ಆ ಮಕ್ಕಳು ಕೈ ತಪ್ಪಿದ್ದು ಏಳು, ಎಂಟನೇ ತರಗತಿಯ ನವೆಂಬರ್, ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಯಾರೂ ಅವರನ್ನು ಎಣಿಸುತ್ತಿರಲಿಲ್ಲ.

ಈ ಹುಡುಗನ ಮನೆಯ ಲೆಕ್ಕ ಹೀಗಿತ್ತು. ತಂದೆ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಗುಳೆ ಹೋದವರು, ಹಬ್ಬಕ್ಕೆ ಬಂದು ಹೋಗುತ್ತಾರೆ. ತಾಯಿ ಕೂಲಿ. ಮನೆಯಲ್ಲಿ ಆಯಿ (ಅಜ್ಜಿ), ನಾಲ್ಕನೇ ತರಗತಿಯ ತಂಗಿ. ಮದುವೆಯಾದ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆ ಖರ್ಚಿಗೆ ತಾಯಿ ಹೊಲದ ಮಾಲೀಕರ ಹತ್ತಿರ ಮುಂಗಡ ತಂದಿದ್ದರು. ಮುಂಗಡ ತೀರಬೇಕು ಅಂದ್ರೆ ಹತ್ತಿ ಬಿಡಿಸಬೇಕು. ಹುಡುಗ ನವೆಂಬರ್ ಪೂರ್ತಿ ತಾಯಿ ಜೊತೆ ಹೋದ. ಡಿಸೆಂಬರ್ ನಡುವೆ ಮುಂಗಡ ತೀರಿತು. ತಾಯಿ ಮಗನಿಗೆ, ಇನ್ನು ಸಾಲಿಗೆ ಹೋಗು ಅಂದರು. ಅವನು ಹೋದ. ಎರಡು ದಿನ ಬಂದ. ಆಮೇಲೆ ನಾನು ಮೊದಲು ಹೇಳಿದ ಆಟ ಶುರುವಾಯಿತು.

ಏಳು ದಿನದ ನಿಯಮಕ್ಕೆ ಸಿಗದ ಹುಡುಗ

ನಮ್ಮ ರಾಜ್ಯದಲ್ಲಿ ಹೇಳದೆ ಕೇಳದೆ 7 ದಿನ ಸತತವಾಗಿ ಬರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ಪರಿಗಣಿಸಿ ವಿಚಾರಿಸಬೇಕು. ಮೊದಲು ಈ ಗಡುವು 60 ದಿನ ಇತ್ತು. 2013ರಲ್ಲಿ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದ ನಂತರ ಅದು ಇಳಿಯಿತು. ಬಹಳ ಒಳ್ಳೆಯ ಬದಲಾವಣೆ. 60 ದಿನ ಕಾಯೋದು ಅಂದ್ರೆ ಮಗು ಬಿಟ್ಟೇ ಬಿಟ್ಟ ಮೇಲೆ ಹುಡುಕಿದ ಹಾಗೆ.

ಆದರೆ ಈ ಹುಡುಗ ಡಿಸೆಂಬರ್ ನಡುವಿನಿಂದ ಒಮ್ಮೆಯೂ ಏಳು ದಿನ ಸತತ ತಪ್ಪಿಸಲಿಲ್ಲ. ಎರಡು ದಿನ ಇಲ್ಲ, ಒಂದು ದಿನ ಬಂದ. ಮೂರು ದಿನ ಇಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಎರಡು ಪಿರಿಯಡ್ ಕೂತ. ತಿಂಗಳ ಕೊನೆಗೆ ಕೂಡಿದರೆ ಅರ್ಧಕ್ಕಿಂತ ಕಡಿಮೆ ಹಾಜರಿ. ಆದರೂ ಯಾವ ಪಟ್ಟಿಯಲ್ಲೂ ಅವನ ಹೆಸರು ಬರೋದಿಲ್ಲ. ಹೀಗೆ ಚೂರು ಚೂರಾಗಿ ತಪ್ಪಿಸುವ ಮಕ್ಕಳೇ ನಮ್ಮಲ್ಲಿ ಜಾಸ್ತಿ. ಇವರನ್ನು ಗುರುತಿಸಬೇಕಾದರೆ ಹಾಜರಿ ಪುಸ್ತಕವನ್ನು ಬೇರೆ ರೀತಿ ಓದಬೇಕು.

ನಾನು ಅವನ ಸಾಲನ್ನು ಒಂದು ದೊಡ್ಡ ಹಾಳೆಗೆ ಇಳಿಸಿಕೊಂಡೆ. ಮೇಲೆ ವಾರದ ದಿನಗಳು, ಪಕ್ಕದಲ್ಲಿ ಟೈಮ್‌ಟೇಬಲ್. ಜೂನ್‌ನಿಂದ ಅಕ್ಟೋಬರ್ ತನಕ ಅವನು ತಪ್ಪಿಸಿದ್ದು ಕಾರಹುಣ್ಣಿಮೆ, ಮೊಹರಂ, ಜ್ವರ ಇಂಥವಕ್ಕೆ ಮಾತ್ರ. ನವೆಂಬರ್ ಇಡೀ ಖಾಲಿ. ಡಿಸೆಂಬರ್ ನಡುವಿನಿಂದ ಮಾತ್ರ ಒಂದು ವಿಚಿತ್ರ ಕಾಣಿಸಿತು. ಮೊದಲ ಪಿರಿಯಡ್‌ನಲ್ಲಿ ಹೋಂವರ್ಕ್ ಕೇಳುವ ವಿಷಯ ಇದ್ದ ದಿನಗಳಲ್ಲಿ ಅವನು ಇಲ್ಲ. ಬಂದ ದಿನಗಳಲ್ಲಿ ಬಹಳಷ್ಟು ಸಲ ಪ್ರಾರ್ಥನೆ ಮುಗಿದ ಮೇಲೆ ಬಂದಿದ್ದಾನೆ. ಹೊಲದ ಕೆಲಸಕ್ಕೆ ಹೋಗುವ ಹುಡುಗನಿಗೆ ಟೈಮ್‌ಟೇಬಲ್ ಯಾಕೆ ಬೇಕು? ಅವನು ಲೆಕ್ಕ ಹಾಕಿ ತಪ್ಪಿಸುತ್ತಿದ್ದಾನೆ ಅಂತ ಅಲ್ಲೇ ಗೊತ್ತಾಯಿತು.

ತಾಟಿನ ಲೆಕ್ಕ

ಇಲ್ಲಿ ಅಡುಗೆ ಅಕ್ಕನ ವಿಷಯ ಬರಬೇಕು. ಬಿಸಿಯೂಟ, ಅಂದ್ರೆ ಅಕ್ಷರ ದಾಸೋಹ, 2002ರಲ್ಲಿ ನಮ್ಮ ಭಾಗವೂ ಸೇರಿದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. ಹೈಸ್ಕೂಲಿಗೆ ಬಂದದ್ದು ಆಮೇಲೆ. ಊಟ ಬಂದ ಮೇಲೆ ಹಾಜರಿ ಸುಧಾರಿಸಿತು ಅಂತ ಎಲ್ಲರೂ ಹೇಳುತ್ತೇವೆ. ಆದರೆ ಮಕ್ಕಳ ಹಾಜರಿಯನ್ನು ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿಯುವವರು ಅಡುಗೆಯವರು ಅನ್ನೋದನ್ನು ಯಾರೂ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಪ್ರತಿ ಕ್ಲಾಸಿನಿಂದ ಎಷ್ಟು ಮಕ್ಕಳು ಅಂತ ಬರೆದ ಚೀಟಿ ಅಡುಗೆ ಕೋಣೆಗೆ ಹೋಗುತ್ತದೆ. ಆ ಲೆಕ್ಕಕ್ಕೆ ಅಕ್ಕಿ ಅಳೆಯುತ್ತಾರೆ, ಮೊಟ್ಟೆ ಎಣಿಸಿ ನೀರಿಗೆ ಹಾಕುತ್ತಾರೆ. ಚೀಟಿಯಲ್ಲಿ 38 ಅಂತ ಇದ್ದು ಊಟಕ್ಕೆ 39 ಬಂದರೆ ಯಾರು ತಡವಾಗಿ ಬಂದರು ಅಂತ ಆ ಅಕ್ಕನಿಗೆ ಹೆಸರು ಸಮೇತ ಗೊತ್ತು.

ಅವರು ಇದೇ ಹುಡುಗನ ಊರಿನವರು. ಅದೇ ಓಣಿ. ದಿನಾ ಅದೇ ಕಾಲುವೆ ದಂಡೆ ಮೇಲೆ ನಡೆದು ಬರುತ್ತಾರೆ. ಒಂದು ದಿನ ಸ್ಟಾಫ್ ರೂಮಿಗೆ ಚಹಾ ತಂದಾಗ ನನಗೆ ಹೇಳಿದರು: "ಸರ್, ನಿಮ್ಮ ಕ್ಲಾಸಿನಾಗ ನಮ್ಮೂರ ಹುಡುಗಂದು ತಾಟು ಭಾಳ ದಿನ ಕಮ್ಮಿ ಬೀಳ್ಲಾಕತ್ತದ್ರಿ. ಮನಿಯಿಂದಂತೂ ಚೀಲ ಹಾಕ್ಕೊಂಡು ಬರ್ತಾನ. ನಾ ನೋಡೀನಿ."

ಬಾಯಿ ಬಿಡಿಸಿದ್ದೂ ಅವರೇ. ನಾವು ಕೇಳಿದಾಗಲೆಲ್ಲ ಅವನು ನೆಲ ನೋಡಿಕೊಂಡು, ಹೊಟ್ಟೆ ನೋವು ಇತ್ರಿ ಅಂತಿದ್ದ. ಅವರು ಕೇಳಿದ್ದು ತಾಟು ತೊಳೆಯುವ ನಲ್ಲಿ ಹತ್ತಿರ, ಅವನು ಕೈ ತೊಳೆಯುತ್ತಿದ್ದಾಗ. ಅವನ ಬೆರಳ ತುದಿ ನೋಡಿ ಮಾತು ಶುರು ಮಾಡಿದರಂತೆ. ಒಣಗಿದ ಹತ್ತಿಕಾಯಿಯ ತುದಿ ಸೂಜಿಯ ಹಾಗೆ ಇರುತ್ತದೆ. ಹತ್ತಿ ಎಳೆಯುವಾಗ ಉಗುರಿನ ಬುಡಕ್ಕೆ ಚುಚ್ಚುತ್ತದೆ. ಆ ಗೀರುಗಳು ಚಳಿಗೆ ಒಡೆದು, ನೀರು ಬಿದ್ದರೆ ಉರಿಯುತ್ತವೆ. ಹೊಲಕ್ಕೆ ಹೋದವರಿಗೇ ಅದು ಗೊತ್ತು. "ಇನ್ನಾ ಉರೀತದೇನಪ್ಪಾ?" ಅಂತ ಕೇಳಿದರಂತೆ. ಅಷ್ಟು ಸಾಕಾಯಿತು.

"ದೊಡ್ಡವ್ವ, ಸಾಲಿಗಿ ಬರ್ಬೇಕಂತಾನೇ ಬರ್ತೀನಿ. ಅವ್ವನ್ನ ಕರ್ಕೊಂಡೇ ಒಳಗ ಬಾ ಅಂದಾರ. ಅವ್ವ ಬಂದ್ರ ಒಂದಿನದ ಕೂಲಿ ಹೋಗ್ತದ. ಅದಕ್ಕ ಹೇಳಿಲ್ಲ."

ಬಹಳ ಶಾಲೆಗಳಲ್ಲಿರುವ ಪದ್ಧತಿ ಇದು. ತುಂಬಾ ದಿನ ಬರದ ಮಗು ವಾಪಸ್ ಬಂದಾಗ ಪಾಲಕರನ್ನು ಕರೆದುಕೊಂಡು ಬಾ ಅನ್ನೋದು. ಉದ್ದೇಶ ಕೆಟ್ಟದ್ದಲ್ಲ, ಪಾಲಕರಿಗೆ ವಿಷಯ ತಿಳಿಯಲಿ ಅಂತ. ಆದರೆ ಅದು ಹುಡುಗನ ಮೇಲೆ ಹೇಗೆ ಬೀಳುತ್ತದೆ ನೋಡಿ. ತಾಯಿ ಬರಬೇಕಾದರೆ ಕೂಲಿ ಬಿಡಬೇಕು. ಈಗಷ್ಟೇ ಮುಂಗಡ ತೀರಿಸಿದ ಮನೆ ಅದು. ಅವನು ತಾಯಿಗೆ ಹೇಳಲಿಲ್ಲ. ಹೇಳದೆ ಶಾಲೆಗೆ ಬಂದರೆ, ಎಲ್ಲಿ ನಿನ್ನ ಅವ್ವ ಅಂತ ಕೇಳುತ್ತಾರೆ. ಹೋಂವರ್ಕ್ ಕೇಳುವ ಪಿರಿಯಡ್‌ನಲ್ಲಿ ಎದ್ದು ನಿಲ್ಲಬೇಕು. ಒಂದು ತಿಂಗಳ ನೋಟ್ಸ್ ಬಾಕಿ. ಹಿಂದಿನ ಬೆಂಚಿನವರು ಹತ್ತಿ ಹತ್ತಿ ಅಂತ ಕರೆಯುತ್ತಾರೆ. ಮನೆಯಲ್ಲಿ ಇರಲು ಆಗೋದಿಲ್ಲ, ಅವ್ವನಿಗೆ ಗೊತ್ತಾಗುತ್ತದೆ. ಉಳಿದದ್ದು ಕಾಲುವೆ ಸೇತುವೆ. ಅಲ್ಲಿ ಕುರಿ ಕಾಯುವ ಹುಡುಗರು, ಒಬ್ಬನ ಕೈಯಲ್ಲಿ ಮೊಬೈಲ್. ದಿನ ಕಳೆದುಹೋಗುತ್ತದೆ.

ಒಂದು ದಿನ ತಪ್ಪಿಸಿದ್ದು ಮರುದಿನ ತಪ್ಪಿಸಲು ಕಾರಣವಾಗುತ್ತಿತ್ತು. ಹೀಗೆ ಬೆಳೆಯುತ್ತಾ ಹೋಯಿತು. ಆಸಕ್ತಿ ಇಲ್ಲದವನು ಬ್ಯಾಗ್ ಹಾಕಿಕೊಂಡು ದಿನಾ ಮೂರು ಕಿಲೋಮೀಟರ್ ನಡೆಯುತ್ತಾನಾ? ಶಾಲೆಯ ಗೇಟ್ ಕಾಣುವಷ್ಟು ದೂರ ಬಂದು ಹೊರಳಿದ ದಿನಗಳೂ ಇದ್ದವಂತೆ.

ಮೆಂಟರ್ ಯಾರಾಗಬೇಕು

ಶಾಲೆ ತಪ್ಪಿಸುವ ಮಗುವಿಗೆ ಒಬ್ಬ ದೊಡ್ಡವರನ್ನು ಮೆಂಟರ್ ಆಗಿ ಜೊತೆ ಮಾಡುವ ಪದ್ಧತಿ ಹೊರದೇಶಗಳಲ್ಲಿ ಬಹಳ ವರ್ಷಗಳಿಂದ ಇದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ 'ಚೆಕ್ ಅಂಡ್ ಕನೆಕ್ಟ್' ಅನ್ನೋ ಕ್ರಮ ಶುರುವಾಯಿತು. ಹೆಸರಿನಲ್ಲೇ ಎರಡು ಕೆಲಸ ಇವೆ. ಮಗುವಿನ ಹಾಜರಿ, ಅಂಕ, ನಡವಳಿಕೆ ನೋಡುತ್ತಿರೋದು. ಆ ಮಾಹಿತಿ ಹಿಡಿದು ಮಗುವಿನ ಜೊತೆ ಮಾತಾಡುತ್ತಿರೋದು. ಕನಿಷ್ಠ ಎರಡು ವರ್ಷ ಅದೇ ಮೆಂಟರ್ ಜೊತೆಗಿರಬೇಕು ಅನ್ನೋದು ಅದರ ಷರತ್ತು. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 2010ರಿಂದ 2013ರ ತನಕ ಇಂಥದ್ದೇ ದೊಡ್ಡ ಪ್ರಯತ್ನ ನಡೆಯಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಬಾಲ್ಫಾನ್ಸ್ ಮತ್ತು ವಾನ್ ಬರ್ನ್ಸ್ ಅದನ್ನು ಅಧ್ಯಯನ ಮಾಡಿದರು. ಮೆಂಟರ್ ಸಿಕ್ಕ ಮಕ್ಕಳು ವರ್ಷಕ್ಕೆ ಸುಮಾರು 9 ದಿನ ಜಾಸ್ತಿ ಶಾಲೆಗೆ ಬಂದಿದ್ದರು. ಅಲ್ಲಿ ಮೆಂಟರ್ ಆದವರು ಯಾರು? ನಿವೃತ್ತರು, ಕಾಲೇಜು ವಿದ್ಯಾರ್ಥಿಗಳು, ದೊಡ್ಡ ತರಗತಿಯ ಮಕ್ಕಳು, ಶಾಲೆಯ ಸಿಬ್ಬಂದಿ. ಮನಶ್ಶಾಸ್ತ್ರ ಓದಿದವರೇ ಆಗಬೇಕು ಅಂತ ಏನಿಲ್ಲ.

9 ದಿನ ಅಂದ್ರೆ ಕಡಿಮೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮಲ್ಲಿ ಒಂದು ಮಗು 9 ದಿನ ಜಾಸ್ತಿ ಬಂದರೆ ಗಣಿತದ ಒಂದು ಪೂರ್ತಿ ಅಧ್ಯಾಯ ಅವನ ಕೈಗೆ ಸಿಗುತ್ತದೆ.

ನಮ್ಮ ಶಾಲೆಯಲ್ಲಿ ಮೊದಲು ನನ್ನ ಹೆಸರೇ ಬಂತು, ಕ್ಲಾಸ್ ಟೀಚರ್ ಅಂತ. ನಾನು ಬೇಡ ಅಂದೆ. ಅಂಕ ಕೊಡುವವನೂ, ಹೋಂವರ್ಕ್ ಕೇಳುವವನೂ ನಾನೇ ಆದ ಮೇಲೆ ಅವನು ನನ್ನ ಹತ್ತಿರ ಏನು ಬಿಚ್ಚಿ ಹೇಳುತ್ತಾನೆ? ಹೆಡ್‌ಮಾಸ್ಟರ್ ಅವನನ್ನೇ ಕರೆದು, ನಿನಗೆ ಯಾರ ಹತ್ತಿರ ಮಾತಾಡಲು ಹೆದರಿಕೆ ಆಗೋದಿಲ್ಲ ಅಂತ ಕೇಳಿದರು. ಅವನು ದೊಡ್ಡವ್ವ ಅಂದ, ಅಂದ್ರೆ ಅಡುಗೆ ಅಕ್ಕ. ಸಹೋದ್ಯೋಗಿಗಳಲ್ಲಿ ಒಬ್ಬರಿಗೆ ಇದು ಸರಿ ಕಾಣಲಿಲ್ಲ. ಓದು ಬರೆಹ ಅಷ್ಟಾಗಿ ಬಾರದವರು ಓದಿನ ಬಗ್ಗೆ ಏನು ಹೇಳುತ್ತಾರೆ ಅಂದರು. ಆದರೆ ಈ ಕೆಲಸಕ್ಕೆ ಬೇಕಾದದ್ದು ಬೇರೆ. ದಿನಾ ಬರಬೇಕು, ಅದೇ ದಾರಿಯಲ್ಲಿ ಬರಬೇಕು, ಮಗು ಬರದ ದಿನವೇ ಗೊತ್ತಾಗಬೇಕು, ಮನೆ ಬಾಗಿಲಿಗೆ ಹೋದರೆ ಯಾರೂ ಗಾಬರಿ ಆಗಬಾರದು. ಈ ನಾಲ್ಕೂ ಇದ್ದವರು ಇಡೀ ಶಾಲೆಯಲ್ಲಿ ಅವರೊಬ್ಬರೇ. ಓದಿನ ಭಾಗ ನಾನು ನೋಡಿಕೊಳ್ಳೋದು, ಹುಡುಗನನ್ನು ಅವರು ನೋಡಿಕೊಳ್ಳೋದು ಅಂತ ಹಂಚಿಕೊಂಡೆವು.

ಒಂದು ಮಾತು ಇಲ್ಲೇ ಹೇಳಬೇಕು. ಅಡುಗೆಯವರಿಗೆ ಸಿಗೋದು ಗೌರವಧನ, ಸಂಬಳ ಅಲ್ಲ. ಅವರ ಮೇಲೆ ಇನ್ನೊಂದು ಜವಾಬ್ದಾರಿ ಸುಮ್ನೆ ಹೊರಿಸೋದು ನ್ಯಾಯ ಅಲ್ಲ. ಅವರು ಒಪ್ಪಿದ್ದು ತಮ್ಮೂರ ಹುಡುಗ ಅಂತ. ಇಂಥ ಕೆಲಸ ವ್ಯವಸ್ಥೆಯಾಗಿ ನಡೆಯಬೇಕಾದರೆ ಅದಕ್ಕೆ ದುಡ್ಡು ಕೊಡಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ವಾಪಸ್ ಬರುವ ದಿನವನ್ನು ಬದಲಿಸಿದ್ದು

ಮೊದಲು ಬದಲಾದದ್ದು ನಿಯಮ. ತಪ್ಪಿಸಿದ ಮಗು ಬಂದ ದಿನ ಪಾಲಕರು ಬರಲೇಬೇಕು ಅನ್ನೋದನ್ನು ನಿಲ್ಲಿಸಿದೆವು. ಪಾಲಕರ ಹತ್ತಿರ ಮಾತಾಡಬೇಕಾದರೆ ಸಂಜೆ ನಾವೇ ಹೋಗೋದು, ಇಲ್ಲ ಫೋನ್ ಮಾಡೋದು. ಎಲ್ಲರ ಮುಂದೆ ಕಾರಣ ಕೇಳೋದು ಬೇಡ ಅಂತಲೂ ಒಪ್ಪಿಕೊಂಡೆವು. ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ಕಡ್ಡಾಯ ಶಿಕ್ಷಣ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಹತ್ತಿ ಬಿಡಿಸಿ ಬಂದ ಹುಡುಗನನ್ನು ನಲವತ್ತು ಜನರ ಮುಂದೆ ನಿಲ್ಲಿಸಿ ಕಾರಣ ಕೇಳೋದು ಎಷ್ಟು ಸಣ್ಣದು ಅಂತ ನಮಗೆ ಕಂಡರೂ ಅವನಿಗೆ ಅದು ಸಣ್ಣದಲ್ಲ.

ಎರಡನೆಯದು ನೋಟ್ಸ್. ಬಾಕಿ ಎಲ್ಲ ಬರೆದು ತಾ ಅಂದರೆ ಅವನು ಮತ್ತೆ ಸೇತುವೆ ಕೆಳಗೇ. ಎಲ್ಲ ವಿಷಯದವರೂ ಸೇರಿ, ಬಂದ ದಿನದಿಂದ ಮುಂದಿನದು ಬರೆದರೆ ಸಾಕು, ಹಿಂದಿನದರಲ್ಲಿ ಯಾವುದು ಇಲ್ಲದೆ ಮುಂದೆ ಹೋಗಲು ಆಗೋದಿಲ್ಲವೋ ಅದನ್ನು ಮಾತ್ರ ನಾವೇ ಹೇಳಿಕೊಡೋಣ ಅಂದೆವು. ಗಣಿತದಲ್ಲಿ ಅದು ಸಮೀಕರಣ. ಊಟದ ನಂತರ ಅಡುಗೆ ಕೋಣೆಯ ಕಟ್ಟೆ ಮೇಲೆ ಕೂತು ಹೇಳಿಕೊಟ್ಟೆ. ಪುಸ್ತಕದ ಲೆಕ್ಕ ತಲೆಗೆ ಹೋಗಲಿಲ್ಲ. ಹತ್ತಿಯ ಲೆಕ್ಕ ಕೇಳಿದೆ. ಹದಿನೆಂಟು ಕಿಲೋ ಬಿಡಿಸಿದಿ, ಎಲೆ ಇದೆ, ಇಬ್ಬನಿ ಇದೆ ಅಂತ ಎರಡು ಕಿಲೋ ಕಡಿಮೆ ಹಿಡಿದರು, ಕೈಗೆ ಕೊಟ್ಟದ್ದು 160 ರೂಪಾಯಿ. ಕಿಲೋಗೆ ಎಷ್ಟು? ಬಾಯಲ್ಲೇ ಹತ್ತು ಅಂದ. ಅದನ್ನೇ (18 − 2) × x = 160 ಅಂತ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ಹಾಳೆ ನೋಡಿದ. ಆಮೇಲೆ ಕೇಳಿದ: "ಸರ್, ಎಲಿ ಇಲ್ದಂಗ ಬಿಡಿಸಿದ್ರೂ ಎರಡು ಕಿಲೋ ಯಾಕ ಮುರ್ಕೋತಾರ?" ಆ ಪ್ರಶ್ನೆಗೆ ಸಮೀಕರಣದಲ್ಲಿ ಉತ್ತರ ಇಲ್ಲ. ಆದರೆ ಅವನು ಮರುದಿನ ತಾನೇ ಎರಡು ಲೆಕ್ಕ ಬರೆದುಕೊಂಡು ಬಂದ. ಒಂದರಲ್ಲಿ ಮಾಲೀಕ ಎಷ್ಟು ಕಿಲೋ ಮುರಿದುಕೊಂಡ ಅನ್ನೋದೇ x.

ಮೂರನೆಯದು ಬೆಳಗಿನ ನಡಿಗೆ. ಅಡುಗೆ ಅಕ್ಕ ಹೊರಡುವಾಗ ಅವನ ಮನೆ ಮುಂದೆ ನಿಂತು ಒಂದು ಕೂಗು ಹಾಕುತ್ತಿದ್ದರು. ದಾರಿಯಲ್ಲಿ ಓದಿನ ಮಾತು ಇರಲಿಲ್ಲ. ಅಕ್ಕನ ಕೂಸು, ಊರ ಸುದ್ದಿ, ಇವತ್ತು ಏನು ಸಾರು ಅನ್ನೋದು. ಹುಡುಗ ತರಕಾರಿ ಚೀಲ ಹಿಡಿದುಕೊಳ್ಳುತ್ತೇನೆ ಅಂದಾಗ ನಾವು ಬೇಡ ಅಂದೆವು. ಮಕ್ಕಳನ್ನು ಅಡುಗೆ ಕೆಲಸಕ್ಕೆ ಹಚ್ಚಬಾರದು, ಅದು ಹಾಗೇ ಶುರುವಾಗುತ್ತದೆ. ಅದರ ಬದಲು ಬೇರೆ ಕೆಲಸ ಕೊಟ್ಟೆವು. ಎಲ್ಲ ಕ್ಲಾಸಿನ ಊಟದ ಚೀಟಿ ಕೂಡಿಸಿ, ಮೊತ್ತ ಹಾಕಿ, ಅಡುಗೆ ಕೋಣೆಗೆ ಕೊಡೋದು. ಇದು ಪ್ರಾರ್ಥನೆ ಮುಗಿದ ಕೂಡಲೇ ಆಗಬೇಕು. ತಡವಾಗಿ ಬಂದರೆ ಅಕ್ಕಿ ಹಾಕೋದು ತಡ. ಅವನು ಬಂದಿಲ್ಲ ಅಂದ್ರೆ ಇಡೀ ಶಾಲೆಗೆ ಗೊತ್ತಾಗುತ್ತದೆ, ಆದರೆ ನಾಚಿಕೆ ಆಗುವ ರೀತಿಯಲ್ಲಿ ಅಲ್ಲ. ಯಾರೋ ತನ್ನ ದಾರಿ ಕಾಯುತ್ತಿದ್ದಾರೆ ಅನ್ನೋದು ಅವನಿಗೆ ಹೊಸದು.

ಸಂಕ್ರಾಂತಿ, ಮತ್ತು ತಂದೆಯ ಫೋನ್

ಎಳ್ಳಮವಾಸೆ ದಿನ ಇಡೀ ಶಾಲೆ ಖಾಲಿ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ದಿನ ನಮ್ಮ ಕಡೆ ಹೊಲದಲ್ಲಿ ಇಲ್ಲದವರು ಯಾರು? ಆದರೆ ಸಂಕ್ರಾಂತಿಗೆ ಮೈಲಾಪುರ ಜಾತ್ರೆಗೆ ಹೋದ ಹುಡುಗ ಜಾತ್ರೆ ಮುಗಿದ ಮೇಲೂ ಬರಲಿಲ್ಲ. ಅಷ್ಟೊತ್ತಿಗೆ ಹಾಜರಿ ಚೆನ್ನಾಗಿ ಆಗಿತ್ತು. ಅಡುಗೆ ಅಕ್ಕ ಅದೇ ವಾರ ಮಗಳ ಮನೆಗೆ ಹೋಗಿದ್ದರು. ಬೆಳಗಿನ ಕೂಗು ಇಲ್ಲ, ಹುಡುಗ ಇಲ್ಲ. ಒಬ್ಬರ ಮೇಲೆ ನಿಂತ ವ್ಯವಸ್ಥೆ ಆ ಒಬ್ಬರು ಇಲ್ಲದಾಗ ಕುಸಿಯುತ್ತದೆ. ಅಂದಿನಿಂದ ಅದೇ ಓಣಿಯ ಹತ್ತನೇ ತರಗತಿ ಹುಡುಗಿಯೊಬ್ಬಳಿಗೆ, ದೊಡ್ಡವ್ವ ಇಲ್ಲದ ದಿನ ನೀನು ಕೂಗು ಹಾಕಮ್ಮ ಅಂತ ಹೇಳಿಟ್ಟೆವು.

ಇದೇ ಹೊತ್ತಿಗೆ ತಂದೆಗೆ ವಿಷಯ ಗೊತ್ತಾಯಿತು. ಯಾರೋ ಊರವರು ಹೇಳಿದ್ದರು. ರಾತ್ರಿ ನನಗೆ ಫೋನ್ ಬಂತು. "ಸಾಲಿ ಬ್ಯಾಡಂದ್ರ ಬ್ಯಾಡ ಬಿಡ್ರಿ ಸರ್. ನನ್ ಸಂಗಟ ಇಲ್ಲಿಗಿ ಕರ್ಕೊಂಡು ಬರ್ತೀನಿ. ಕೆಲಸರ ಕಲೀತಾನ." ಇಡೀ ಪ್ರಕರಣದಲ್ಲಿ ನಾನು ಹೆದರಿದ್ದು ಆಗ ಮಾತ್ರ. ಬೆಂಗಳೂರಿಗೆ ಹೋದ ಹುಡುಗ ವಾಪಸ್ ಬರೋದು ಕಷ್ಟ. ಪಾಲಕರಿಗೆ ಎಲ್ಲ ಹೇಳಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಮಗ ಶಾಲೆ ತಪ್ಪಿಸುತ್ತಿದ್ದಾನೆ ಅನ್ನೋ ಮಾತು ಮಾತ್ರ ದೂರದಲ್ಲಿರುವ ತಂದೆಯ ಕಿವಿಗೆ ಬಿದ್ದರೆ, ಅವರು ಅರ್ಥ ಮಾಡಿಕೊಳ್ಳೋದು ಹುಡುಗನಿಗೆ ಓದು ಬೇಡ ಅಂತ.

ನಾನು ಅವರಿಗೆ ಉಪದೇಶ ಮಾಡಲಿಲ್ಲ. ತಪ್ಪಿಸಿದ್ದು ಯಾಕೆ ಅಂತ ಹೇಳಿದೆ. ಅವ್ವನ ಕೂಲಿ ಹೋಗಬಾರದು ಅಂತ ಹೇಳಲಿಲ್ಲ ನೋಡ್ರಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ ಅವರು ಕೇಳಿದ್ದು, ಈಗ ದಿನಾ ಬರ್ತಾನಾ ಅಂತ. ಅಂದಿನಿಂದ ಶನಿವಾರ ಸಂಜೆ ಅವರಿಗೆ ಆ ವಾರದ ಹಾಜರಿ ಫೋನಿನಲ್ಲಿ ಹೇಳುವುದು ರೂಢಿ ಆಯಿತು. ಬರದ ದಿನಕ್ಕಿಂತ ಬಂದ ದಿನವನ್ನು ಮೊದಲು ಹೇಳುತ್ತಿದ್ದೆ.

ಕಾನೂನಿನ ವಿಷಯವೂ ಇದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. ಸ್ವಂತ ಮನೆತನದ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ನೆರವಾಗಬಹುದು. ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸೋದು ಅದರಲ್ಲಿ ಬರೋದಿಲ್ಲ. ಈ ಕಾನೂನನ್ನು ತಾಯಿಯ ಮುಂದೆ ಹಿಡಿದು ಹೆದರಿಸೋದು ನನಗೆ ಸರಿ ಅನ್ನಿಸುವುದಿಲ್ಲ. ಅದನ್ನು ಕೇಳಬೇಕಾದವರು ಮಕ್ಕಳನ್ನು ಕೆಲಸಕ್ಕೆ ಕರೆಯುವ ಮಾಲೀಕರು, ತುಂಬಿಕೊಂಡು ಹೋಗುವ ಟಂಟಂನವರು. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಅವರ ಹತ್ತಿರವೇ ಹೋಗಿ ಮಾತಾಡಿದರು. ಮತ್ತೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇವೆ ಅಂತ ನೇರವಾಗಿ ಹೇಳಿದರು. ಊರಿನ ದೊಡ್ಡವರೊಬ್ಬರು ಹೀಗೆ ಹೇಳಿದ್ದಕ್ಕೆ ಬೆಲೆ ಇತ್ತು. ಕೆಲವು ದಿನ ಟಂಟಂನಲ್ಲಿ ಮಕ್ಕಳು ಕಾಣಲಿಲ್ಲ. ಪೂರ್ತಿ ನಿಂತಿತು ಅಂತ ಹೇಳಲಾರೆ.

ಮುಂದಿನ ಹತ್ತಿ

ಫೆಬ್ರವರಿ, ಮಾರ್ಚ್‌ನಲ್ಲಿ ಹುಡುಗ ತಪ್ಪಿಸಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮೆಣಸಿನಕಾಯಿ ಬಿಡಿಸುವ ಕಾಲ ಅದು, ಆದರೂ. ಇಂಗ್ಲಿಷ್‌ನಲ್ಲಿ ಹಿಂದೆಯೇ ಉಳಿದ. ಗಣಿತದಲ್ಲಿ ದಡ ಮುಟ್ಟಿದ. ಒಂಬತ್ತನೇ ತರಗತಿಗೆ ಬಂದ.

ಆದರೆ ಈ ಪ್ರಕರಣ ಗೆದ್ದಿದೆಯೋ ಇಲ್ಲವೋ ಅಂತ ಹೇಳುವ ದಿನ ಮಾರ್ಚ್ ಅಲ್ಲ, ಮುಂದಿನ ನವೆಂಬರ್. ದಸರಾ ರಜೆಗೆ ಮೊದಲೇ ನಾವು ತಾಯಿಯನ್ನು ಕಂಡೆವು, ಅವರ ಮನೆ ಕಟ್ಟೆ ಮೇಲೆ, ಸಂಜೆ. ಈ ಸಲ ಮುಂಗಡ ಇದೆಯಾ ಅಂತ ನೇರವಾಗಿ ಕೇಳಿದೆ. ಇತ್ತು, ಹೋದ ವರ್ಷಕ್ಕಿಂತ ಕಡಿಮೆ. ಒಂದು ದಿನವೂ ಕಳಿಸಬೇಡಿ ಅಂತ ಹೇಳುವುದು ಸುಲಭ. ಹಾಗೆ ಹೇಳಿ ಬಂದಿದ್ದರೆ ಅವರು ಹೂಂ ಅನ್ನುತ್ತಿದ್ದರು, ಹುಡುಗ ಹೋಗುತ್ತಿದ್ದ, ನಮಗೆ ಗೊತ್ತಾಗುತ್ತಿರಲಿಲ್ಲ. ಅವರು ಹೇಳಿದ್ದು ಹೀಗೆ: "ಐತವಾರ ಹೋಗ್ತಾನ್ರಿ ಸರ್. ಸಾಲಿ ದಿನ ನಾ ಕರಿಯಂಗಿಲ್ಲ. ಭಾಳ ಅಡಚಣಿ ಬಂದ್ರ ನಿಮಗ ಮೊದ್ಲೇ ಹೇಳ್ತೀನಿ." ಹದಿನಾಲ್ಕು ತುಂಬುವ ತನಕ ಭಾನುವಾರದ ಕೂಲಿಯೂ ಕಾನೂನಿಗೆ ಒಪ್ಪಿಗೆ ಇಲ್ಲ, ಅದನ್ನು ಅವರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು. ಮುಂಗಡ ಯಾರು ತೀರಿಸುತ್ತಾರೆ ಅನ್ನೋದು ಆ ನೋಟದಲ್ಲಿತ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೀವಿನಿಯಂಥ ಮಹಿಳಾ ಸ್ವಸಹಾಯ ಸಂಘದಿಂದ ಸಾಲ ಸಿಕ್ಕರೆ ಮಾಲೀಕರ ಮುಂಗಡಕ್ಕೆ ಕೈ ಚಾಚುವುದು ತಪ್ಪುತ್ತದೆ ಅಂತ ಅಡುಗೆ ಅಕ್ಕ ಹೇಳಿದರು. ಅವರೂ ಒಂದು ಸಂಘದಲ್ಲಿದ್ದಾರೆ. ತಾಯಿ ಈಗ ಆ ಸಂಘಕ್ಕೆ ಸೇರಿದ್ದಾರೆ.

ಆ ನವೆಂಬರ್‌ನಲ್ಲಿ ಹುಡುಗ ಶಾಲೆಯ ಕೆಲವು ದಿನ ತಪ್ಪಿಸಿದ. ಪೂರ್ತಿ ತಿಂಗಳು ಖಾಲಿ ಇದ್ದ ಜಾಗದಲ್ಲಿ ಕೆಲವು ದಿನ. ಪ್ರತಿ ಸಲವೂ ಹಿಂದಿನ ರಾತ್ರಿ ತಾಯಿ ಅಡುಗೆ ಅಕ್ಕನಿಗೆ ಹೇಳಿದ್ದರು. ಪ್ರತಿ ಸಲವೂ ಮರುದಿನ ಬೆಳಿಗ್ಗೆ ಹುಡುಗ ನೇರವಾಗಿ ಒಳಗೆ ಬಂದು ಬೆಂಚಿನಲ್ಲಿ ಕೂತ. ಯಾರೂ ಅವನನ್ನು ನಿಲ್ಲಿಸಿ ಕೇಳಲಿಲ್ಲ. ಪಕ್ಕದವನು ಹಿಂದಿನ ದಿನದ ನೋಟ್ಸ್ ಕೊಟ್ಟ.

ಈಗ ಅದೇ ದಾರಿಯಲ್ಲಿ ಬರುವ ಇನ್ನೂ ಮೂರು ಮಕ್ಕಳ ಹಾಳೆ ನನ್ನ ಹತ್ತಿರ ಇದೆ. ಅದರಲ್ಲಿ ಇಬ್ಬರು ಹುಡುಗಿಯರು. ಅವರು ತಪ್ಪಿಸುವುದು ಹೊಲಕ್ಕಾಗಿ ಅಲ್ಲ, ಮನೆಯಲ್ಲಿ ಕೂಸು ಹಿಡಿಯಲು. ಹಾಗಾಗಿ ಅವರಿಗೆ ಬೇರೆ ಉಪಾಯ ಬೇಕು, ಅಂಗನವಾಡಿ ಕಾರ್ಯಕರ್ತೆಯ ಜೊತೆ ಮಾತು ಶುರುವಾಗಿದೆ. ಅಡುಗೆ ಅಕ್ಕನಿಗೆ ಈ ಕೆಲಸಕ್ಕೆ ಒಂದಿಷ್ಟು ಗೌರವಧನವನ್ನು ಎಸ್‌ಡಿಎಂಸಿ ವತಿಯಿಂದ ಕೊಡಲು ಆಗುತ್ತದೆಯೇ ಅಂತ ಮುಂದಿನ ಸಭೆಯಲ್ಲಿ ಕೇಳುವವರಿದ್ದೇವೆ.